ಎಪ್ಪತ್ತನಾಲ್ಕು ಗುಂಡುಸೂಜಿ

ಮಗಳು ಪೇಪರು ಕೈಗೆತ್ತಿಕೊಂಡು ನೇರವಾಗಿ ಆರನೆಯ ಪುಟ ತೆರೆದಳು, ಬಲಗಡೆಯ ಕೆಳಮೂಲೆಯನ್ನು ಒಂದು ಗಳಿಗೆ ನೋಡಿದಳು, ಮಡಿಸಿ ಮೇಜಿನ ಮೇಲಿಟ್ಟಳು. ಇಷ್ಟೇ. ಮೂರು ವಾರದಿಂದ ದಿನಾ ಬೆಳಗ್ಗೆ ಇಷ್ಟೇ ನಡೆಯುತ್ತಿದ್ದರೂ ಅವನಿಗೆ ಪ್ರತಿ ಸಲವೂ ಅದು ಹೊಸದಾಗಿ ಚುಚ್ಚುತ್ತಿತ್ತು. ಆ ಕೆಳಮೂಲೆ ಅವನದು. ಇಪ್ಪತ್ತಮೂರು ವರ್ಷಗಳಿಂದ ಅಲ್ಲಿ ‘ಈ ದಿನ’ ಎಂಬ ತಲೆಬರಹದ ಕೆಳಗೆ ಅವನ ಐದು ಪ್ರಶ್ನೆಗಳು ಬರುತ್ತಿದ್ದವು: ಚರಿತ್ರೆಯಲ್ಲಿ ಇದೇ ತಾರೀಖಿಗೆ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಹಡಗು ಮುಳುಗಿತು, ಯಾವ ಸೇತುವೆ ತೆರೆಯಿತು. ಉತ್ತರ ಮರುದಿನ, ತಲೆಕೆಳಗಾಗಿ, ಸಣ್ಣ ಅಕ್ಷರದಲ್ಲಿ. ಊರಿನ ಅರ್ಧ ಜನ ಬೆಳಗಿನ ಚಹಾದ ಜೊತೆ ಪೇಪರನ್ನು ತಿರುಗಿಸಿ ಹಿಡಿಯುವುದು ಅವನಿಂದಾಗಿ ಎಂದು ಯಾರೋ ಒಮ್ಮೆ ಸಭೆಯಲ್ಲಿ ಹೇಳಿದ್ದರು. ಮಗಳು ತಿರುಗಿಸಿ ಹಿಡಿಯುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಬಸ್ಸು ಬಂತೇ ಎಂದು ರಸ್ತೆಯ ತುದಿಗೆ ಕಣ್ಣು ಹಾಯಿಸುವವರ ಹಾಗೆ ನೋಡಿ ಬಿಡುತ್ತಿದ್ದಳು. ಸಿಟ್ಟು, ಎಂದುಕೊಂಡ. ಸಿಟ್ಟೇ ಆಗಿರಲಿ ಎಂದೂ ಅವನಿಗೆ ಆಸೆಯಿತ್ತು, ಸಿಟ್ಟಾದರೆ ಒಂದು ದಿನ ಇಳಿಯುತ್ತದೆ. “ಪರೀಕ್ಷೆ ಆಕ್ಷೇಪಣೆಗೆ ಇವತ್ತೇ ಕೊನೇ ದಿನ ಅಲ್ವೇನೇ?” ಎಂದಳು ಹೆಂಡತಿ ಒಲೆಯ ಮುಂದೆ ನಿಂತಲ್ಲಿಂದಲೇ. “ಹೂಂ. ಐದು ಗಂಟೆವರೆಗೆ ತಗೋತಾರೆ.” “ನೀನೂ ಒಂದು ಅರ್ಜಿ ಬಿಸಾಕಿ ಬಾರೇ. ಹೋದ್ರೆ ಒಂದು ಕಾಗದ.” “ಆಕ್ಷೇಪಣೆಗೆ ಆಧಾರ ಕೇಳ್ತಾರಮ್ಮ.” ಹೆಂಡತಿ ಚಹಾದ ಲೋಟವನ್ನು ಅವನ ಮುಂದೆ ಇಡುತ್ತಾ, “ಅಪ್ಪ ಊರಿಗೆಲ್ಲ ಪ್ರಶ್ನೆ ಕೇಳ್ತಾರೆ, ಮಗಳು ಒಂದೇ ಒಂದು ಪ್ರಶ್ನೇಲಿ ಮುಗ್ಗರಿಸಿದಳು. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಹೇಳ್ತಾರಾ,” ಎಂದಳು. ತಂದೆ, ಮಗಳು ಇಬ್ಬರೂ ಲೋಟಗಳನ್ನು ನೋಡುತ್ತಾ ಕುಳಿತರು. ಹೆಂಡತಿಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಊರಿನಲ್ಲೂ ಇಬ್ಬರಿಗೇ.

ಕಚೇರಿಗೆ ನಡೆಯುತ್ತಾ ಅವನು ಎಂದಿನಂತೆ ನಾಳೆಯ ತಾರೀಖನ್ನು ಬಾಯೊಳಗೆ ಆಡಿಸಿದ. ನಾಳೆ ಶ್ರೀಮಂತ ದಿನ. ಅವನ ಲೆಕ್ಕದಲ್ಲಿ ವರ್ಷದ ದಿನಗಳಲ್ಲಿ ಎರಡು ಜಾತಿ: ಶ್ರೀಮಂತ ದಿನ, ಬಡ ದಿನ. ಶ್ರೀಮಂತ ದಿನದಂದು ಚಕ್ರವರ್ತಿಗಳು ಸಾಯುತ್ತಾರೆ, ವಿಜ್ಞಾನಿಗಳು ಹುಟ್ಟುತ್ತಾರೆ, ಯುದ್ಧ ನಿಲ್ಲುತ್ತದೆ. ಯಾವುದನ್ನು ಬಿಡುವುದು ಎನ್ನುವುದೇ ಕಷ್ಟ. ಬಡ ದಿನದಂದು ಚರಿತ್ರೆ ಚಾಪೆ ಹಾಸಿ ಮಲಗಿರುತ್ತದೆ. ಇವತ್ತು, ನಾಳೆ ಎರಡೂ ಒಟ್ಟಿಗೆ ಬಂದ ಭಾಗ್ಯ. ಆ ದೊಡ್ಡ ಹಡಗು ಹಿಮಗಡ್ಡೆಗೆ ಗುದ್ದಿದ್ದು ಇವತ್ತು, ಮುಳುಗಿದ್ದು ನಾಳೆ. ನಾಟಕ ನೋಡುತ್ತಿದ್ದ ಆ ಅಧ್ಯಕ್ಷನಿಗೆ ಗುಂಡು ಬಿದ್ದದ್ದು ಇವತ್ತು, ಪ್ರಾಣ ಹೋದದ್ದು ನಾಳೆ. “ಒಂದು ಸಾವು, ಎರಡು ದಿನದ ಊಟ” ಎಂದು ಅವನು ಪ್ರತಿ ವರ್ಷ ಹೇಳುತ್ತಿದ್ದ, ಮಗಳು ಪ್ರತಿ ವರ್ಷ “ಥೂ, ಅಪ್ಪ!” ಎನ್ನುತ್ತಿದ್ದಳು. ಗುದ್ದುವುದಕ್ಕೂ ಮುಳುಗುವುದಕ್ಕೂ ನಡುವೆ ಇಷ್ಟು ಹೊತ್ತು ಇರುತ್ತದೆಂಬುದು ಆಗೆಲ್ಲ ಅನುಕೂಲವೆನಿಸಿತ್ತು. ಈಗ ಆ ನಡುವಿನ ಹೊತ್ತಿನಲ್ಲಿ ಹಡಗಿನವರು ಏನು ಮಾಡುತ್ತಿದ್ದರು ಎಂದು ಯೋಚನೆ ಬಂತು. ಬಹುಶಃ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು, ಲೋಟ ತೊಳೆಯುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದಿನ ಆ ದಿನ ಬಡ ದಿನಗಳಲ್ಲೇ ಕಡುಬಡ ದಿನವಾಗಿತ್ತು. ಮಗಳಿಗೆ ಏಳು ವರ್ಷ. ಶಾಲೆಗೆ ರಜೆ, ಹೆಂಡತಿ ಹುಷಾರಿಲ್ಲದ ಅಕ್ಕನನ್ನು ನೋಡಲು ಹೋಗಿದ್ದಳು, ಹಾಗಾಗಿ ಅವನು ಮಗುವನ್ನು ಕಚೇರಿಗೆ ಕರೆತಂದಿದ್ದ. ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ಅವಳ ಕೈಗೆ ಗುಂಡುಸೂಜಿಯ ಡಬ್ಬಿ ಕೊಟ್ಟು ಎಣಿಸು ಎಂದಿದ್ದ. ನಾಲ್ಕು ಪ್ರಶ್ನೆ ಸಿಕ್ಕಿದ್ದವು, ಐದನೆಯದಿಲ್ಲ. ಅಚ್ಚಿನ ಮನೆಯ ಮೇಸ್ತ್ರಿ ಬಾಗಿಲಲ್ಲಿ ನಿಂತು, “ಏನು ಸ್ವಾಮಿ, ಚರಿತ್ರೆ ಇನ್ನೂ ನಡೀತಾ ಇದೆಯಾ ಮುಗೀತಾ?” ಎಂದು ಕೂಗಿದ. ಸುತ್ತ ಕುಳಿತವರು ನಕ್ಕರು. ಅವನು ಆಗ ಹೊಸಬ. ಆ ನಗು ಅವನ ಕಿವಿಯನ್ನು ಬಿಸಿ ಮಾಡಿತು. ಕಿಟಕಿಯಾಚೆ ಊರಿನ ಗಡಿಯಾರ ಗೋಪುರ ಕಾಣುತ್ತಿತ್ತು. ಅದು ಯಾವಾಗ ಕಟ್ಟಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಕಡತಗಳೆಲ್ಲ ಯಾವುದೋ ಕಾಲದ ಬೆಂಕಿಯಲ್ಲಿ ಹೋಗಿದ್ದವು. ‘ನಮ್ಮ ಗಡಿಯಾರ ಗೋಪುರದ ಗಂಟೆ ಇದೇ ದಿನ ಮೊದಲ ಸಲ ಬಾರಿಸಿತು. ಯಾವ ವರ್ಷ?’ ಎಂದು ಬರೆದ. ಬರೆದಾದ ಮೇಲೆ ವರ್ಷ ಬೇಕಾಯಿತು. “ಮಗಾ, ಒಂದು ಅಂಕೆ ಹೇಳು.” ಅವಳು ತಲೆಯೆತ್ತದೆ, “ಎಪ್ಪತ್ತನಾಲ್ಕು,” ಎಂದಳು, ಅವಳ ಸೂಜಿಯೆಣಿಕೆ ಅಲ್ಲಿಗೆ ಬಂದಿತ್ತು. ಸಾವಿರದೆಂಟುನೂರ ಎಪ್ಪತ್ತನಾಲ್ಕು. ಚೆನ್ನಾಗಿಯೇ ಇತ್ತು, ನಿಜಕ್ಕಿಂತ ನಿಜದ ಹಾಗೆ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ಗೋಪುರದ ಕೆಳಗೆ ನಿಂತು ಅವಳು ಕೇಳಿದಳು: “ಅಪ್ಪಾ, ಅದು ನಿಜವಾಗ್ಲೂ ಎಪ್ಪತ್ತನಾಲ್ಕಾ?” “ಇನ್ಮೇಲೆ ಹೌದು,” ಎಂದ ಅವನು. ಅವಳಿಗೆ ಅದು ತುಂಬಾ ತಮಾಷೆಯಾಗಿ ಕಂಡು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕಿದ್ದ.

ಒಂದು ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಅದು ಸಾಯುತ್ತಿತ್ತು. ಆದರೆ ಅವನ ಕಸುಬಿನಲ್ಲಿ ಯಾವುದೂ ಸಾಯುವುದಿಲ್ಲ, ವರ್ಷಕ್ಕೊಮ್ಮೆ ಎದ್ದು ಬರುತ್ತದೆ. ಪ್ರತಿ ತಾರೀಖಿಗೂ ಅವನ ಹತ್ತಿರ ರಟ್ಟಿನ ಚೀಟಿಗಳ ಒಂದು ಕಂತೆ ಇತ್ತು, ಮುನ್ನೂರ ಅರವತ್ತಾರು ಕಂತೆ, ಮರದ ಪೆಟ್ಟಿಗೆಯಲ್ಲಿ. ಮುಂದಿನ ವರ್ಷ ಆ ಬಡ ದಿನ ಮತ್ತೆ ಬಂತು, ಚೀಟಿ ಸಿದ್ಧವಾಗಿತ್ತು. ಮೂರನೆಯ ವರ್ಷ ಯಾರೋ ಊರಿನ ಚರಿತ್ರೆಯ ಕಿರುಪುಸ್ತಕದಲ್ಲಿ ಅದನ್ನು ಬರೆದರು. ಎಂಟನೆಯ ವರ್ಷ ನಗರಸಭೆ ಗೋಪುರಕ್ಕೆ ಕಲ್ಲಿನ ಫಲಕ ಹಾಕಿಸಿತು. ಅವನನ್ನು ವೇದಿಕೆಗೆ ಕರೆದರು, ಹೂಗುಚ್ಛ ಕೊಟ್ಟರು, ಅವನು ಎಂಟು ನಿಮಿಷ ಮಾತಾಡಿದ. ಎದುರಿಗೆ ಮೊದಲ ಸಾಲಿನಲ್ಲಿ ಕುಳಿತಿದ್ದ ಹದಿನೈದರ ಮಗಳು ಚಪ್ಪಾಳೆ ತಟ್ಟದೆ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಆಮೇಲೆ ಪ್ರಶ್ನೆಗಳೆಲ್ಲ ಪುಸ್ತಕವಾದವು, ಪರೀಕ್ಷೆಗೆ ಓದುವವರೆಲ್ಲ ಅದನ್ನು ಇಟ್ಟುಕೊಂಡರು, ಆರು ಸಲ ಅಚ್ಚಾಯಿತು. ಕಚೇರಿಯಲ್ಲಿ ಅವನ ಹೆಸರು ‘ಪಂಚಾಂಗ’ ಎಂದಾಯಿತು. ಮೊದಮೊದಲು ಬೆನ್ನ ಹಿಂದೆ, ಈಗ ಎದುರಿಗೇ.

ಮಗಳನ್ನು ಅವನು ‘ತಕ್ಕಡಿ’ ಎಂದು ಕರೆಯುತ್ತಿದ್ದ. ಹತ್ತು ವರ್ಷ ತುಂಬಿದಾಗಿನಿಂದ ಪ್ರತಿ ಸಂಜೆ ಮರುದಿನದ ಐದು ಪ್ರಶ್ನೆಗಳನ್ನು ಅವಳಿಗೆ ಓದಿ ಹೇಳುವುದು, ಕಚೇರಿಯಲ್ಲಿದ್ದರೆ ಫೋನಿನಲ್ಲಿ. ಐದಕ್ಕೂ ಉತ್ತರ ಬಂದರೆ ತೂಕ ಕಡಿಮೆ, ಒಂದಕ್ಕೂ ಬರದಿದ್ದರೆ ತೂಕ ಹೆಚ್ಚು. ಮೂರಕ್ಕೆ ಬಂದರೆ ಅಚ್ಚಿಗೆ ಕಳಿಸು. ಅವಳೊಂದು ಗಾದೆಯನ್ನೇ ಹುಟ್ಟಿಸಿದ್ದಳು. ಅವನ ಕಸುಬಿನಲ್ಲಿ ಎಂಥ ಒಳ್ಳೆಯ ಪ್ರಶ್ನೆಯಾದರೂ ಅದರ ದಿನ ಕಳೆದ ಮೇಲೆ ಕೈಗೆ ಸಿಕ್ಕರೆ ಮುಂದಿನ ವರ್ಷದವರೆಗೆ ಪೆಟ್ಟಿಗೆಯಲ್ಲಿ ಬಿದ್ದಿರಬೇಕು. ಅವನು ಅವಳ ಹುಟ್ಟುಹಬ್ಬದ ಮರುದಿನ ಬಣ್ಣದ ಪೆನ್ಸಿಲು ತಂದಾಗ, ಶಾಲೆಯ ನಾಟಕ ಮುಗಿದ ಮೇಲೆ ಓಡುತ್ತಾ ಬಂದಾಗ, ಅವಳು ತೀರ್ಪು ಕೊಡುತ್ತಿದ್ದಳು: “ತಾರೀಖು ತಪ್ತು. ಇನ್ನು ಮುಂದಿನ ವರ್ಷ.” ದಾಖಲೆ ಇಲಾಖೆಯ ಹುದ್ದೆಗೆ ಅವಳು ಪರೀಕ್ಷೆ ಬರೆದದ್ದು ಇದು ನಾಲ್ಕನೆಯ ಸಲ. ಮೂವತ್ತು ತುಂಬಿದ ಮೇಲೆ ಬರೆಯುವಂತಿಲ್ಲ. ಬರುವ ತಿಂಗಳು ತುಂಬುತ್ತದೆ. ಅಂಕಗಳೂ ಸರಿಯುತ್ತರಗಳ ಪಟ್ಟಿಯೂ ಬಂದ ದಿನ ಅವಳು ಕೋಣೆಯಿಂದ ಹೊರಬಂದು ಬಾಗಿಲಿಗೆ ಒರಗಿ ನಿಂತು ಹೇಳಿದಳು: “ಅಪ್ಪ, ನಲವತ್ತಮೂರನೇದು ನಿಂದು.” ಗೋಪುರದ ಗಂಟೆ ಮೊದಲು ಬಾರಿಸಿದ್ದು ಯಾವ ವರ್ಷ? ನಾಲ್ಕು ಆಯ್ಕೆ. ಎರಡನೆಯದು ಎಪ್ಪತ್ತನಾಲ್ಕು, ಪಟ್ಟಿಯ ಪ್ರಕಾರ ಅದೇ ಸರಿ. ನಾಲ್ಕನೆಯದು, ‘ಖಚಿತ ದಾಖಲೆ ಇಲ್ಲ’. ಊರಿನ ಸಾವಿರಾರು ಮಂದಿ ಕಣ್ಣುಮುಚ್ಚಿ ಎರಡನೆಯದಕ್ಕೆ ಗುರುತು ಹಾಕಿದರು. ಅವಳೊಬ್ಬಳು ನಾಲ್ಕನೆಯದಕ್ಕೆ ಹಾಕಿದಳು. ಒಂದು ಅಂಕದಿಂದ ಹುದ್ದೆ ಹೋಯಿತು. “ನಿಂಗೆ ಗೊತ್ತಿತ್ತಲ್ಲ ಅವರು ಏನು ಕೇಳ್ತಿದಾರೆ ಅಂತ,” ಎಂದು ಅವನು ಗದರಿಸಿದಂತೆ ಹೇಳಿದ್ದ. ಹೌದು, ಗದರಿಸಿದ್ದ! “ಗೊತ್ತಿತ್ತು,” ಎಂದಳು. “ಪೆನ್ಸಿಲು ಅಲ್ಲಿಗೇ ಹೋಗಿತ್ತು. ಆಗಲಿಲ್ಲ.” ಅಷ್ಟು ಹೇಳಿ ಒಳಗೆ ಹೋದಳು. ಅವತ್ತಿನಿಂದ ಅವನು ಸಂಜೆ ಪ್ರಶ್ನೆಗಳನ್ನು ತೂಕಕ್ಕೆ ಹಾಕುವುದನ್ನು ಬಿಟ್ಟ. ಅವಳೂ ಕೇಳಲಿಲ್ಲ.

ಮೇಜಿನ ಮೇಲೆ ಪುಸ್ತಕದ ಏಳನೆಯ ಮುದ್ರಣದ ಹೊದಿಕೆಯ ನಮೂನೆ ಕಾಯುತ್ತಿತ್ತು. ಅವನ ನಿವೃತ್ತಿಗೆ ಆರು ವಾರ. ಬೀಳ್ಕೊಡುಗೆಯ ದಿನ ಬಿಡುಗಡೆ. ಹೊದಿಕೆಯ ತುಂಬಾ ಗಡಿಯಾರ ಗೋಪುರ. ಪುಟ ಜೋಡಿಸುವ ಹುಡುಗಿ ಬಂದು, “ಪಂಚಾಂಗ ಸರ್, ಚೆನ್ನಾಗಿ ಬಂದಿದೆ ಅಲ್ವಾ? ನಾನೇ ಆರಿಸಿದ್ದು,” ಎಂದಳು. “ಚೆನ್ನಾಗಿದೆ,” ಎಂದ ಅವನು ಅದನ್ನು ಬೋರಲು ಹಾಕಿ ಅದರ ಬೆನ್ನ ಮೇಲೆಯೇ ಕಾಗದವಿಟ್ಟು ಬರೆಯತೊಡಗಿದ. ಮೂರು ವಾರದಲ್ಲಿ ಈ ಕಾಗದವನ್ನು ಅವನು ಹತ್ತು ಸಲವಾದರೂ ಶುರು ಮಾಡಿದ್ದ. ‘ಕಣ್ತಪ್ಪಿನಿಂದ ಸೇರಿಹೋದ ಮಾಹಿತಿ’ ಎಂದು ಒಂದು ಸಲ. ‘ಆ ಕಾಲದಲ್ಲಿ ಲಭ್ಯವಿದ್ದ ಆಧಾರಗಳ ಪ್ರಕಾರ’ ಎಂದು ಇನ್ನೊಂದು ಸಲ. ಲಭ್ಯವಿದ್ದ ಆಧಾರ ಗುಂಡುಸೂಜಿ ಡಬ್ಬಿ. ಮಗಳಿಗಾಗಿ ಬರೆಯಲು ಕುಳಿತವನ ಕೈ ತನಗಾಗಿ ಮೆತ್ತನೆಯ ಮಾತುಗಳನ್ನು ಹುಡುಕುತ್ತಿತ್ತು. ನಾಳೆ ಬರೆದರಾಯಿತು ಎಂದು ಏಳುತ್ತಿದ್ದ. ದಿನಾ ಸಂಜೆ ಬೇರೆ ಐದು ಪ್ರಶ್ನೆ ಕೊಟ್ಟು ಮನೆಗೆ ಹೋಗುತ್ತಿದ್ದ. ಇವತ್ತು ಮಾತ್ರ ‘ನಾಳೆ’ ಎನ್ನುವುದು ಉಳಿದಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದುಹೋದ ಮೇಲೆ, ಖಾಲಿ ಕುರ್ಚಿಗಳ ನಡುವೆ, ಒಂದೇ ಉಸಿರಿಗೆ ಬರೆದ: ‘ಆ ವರ್ಷವನ್ನು ನಾನು ಕಲ್ಪಿಸಿ ಬರೆದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಇದು ನನಗೆ ಬರೆಯುವಾಗಲೇ ಗೊತ್ತಿತ್ತು.’ ಸಹಿ ಹಾಕಿದ. ಮೂರು ವಾಕ್ಯಕ್ಕೆ ಮೂರು ವಾರ, ವಾರಕ್ಕೊಂದು ವಾಕ್ಯ.

ಆದರೂ ಎದ್ದದ್ದು ನಾಲ್ಕು ಗಂಟೆಗೆ. ನಡುವೆ ಎರಡು ತಾಸು ಅವನು ಏನು ಮಾಡಿದನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಚೀಟಿಗಳ ಪೆಟ್ಟಿಗೆಯ ಧೂಳು ಒರೆಸಿದ, ಮುರಿದ ಪೆನ್ಸಿಲನ್ನು ಚೂಪು ಮಾಡಿದ. ಪರೀಕ್ಷಾ ಕಚೇರಿಗೆ ಹೋಗುವ ದಾರಿ ಗೋಪುರದ ಕೆಳಗೇ ಹಾಯುತ್ತದೆ. ಫಲಕದ ಹತ್ತಿರ ತಾಯಿಯೊಬ್ಬಳು ಮಗುವಿಗೆ ಕಲ್ಲಿನ ಅಂಕೆಗಳನ್ನು ಬೆರಳಿಟ್ಟು ಓದಿಸುತ್ತಿದ್ದಳು, ಒಂದು, ಎಂಟು, ಏಳು, ನಾಲ್ಕು. ನಿಂತು ಅವಳಿಗೆ ಹೇಳಿಬಿಡಲೇ ಎನ್ನಿಸಿತು. ಅಂಥವನನ್ನು ಜನ ಹುಚ್ಚನೆನ್ನುತ್ತಾರೆ. ಊರು ಕಲ್ಲಿನಲ್ಲಿ ಕೆತ್ತಿಸಿಕೊಂಡದ್ದನ್ನು ಅಲ್ಲ ಎನ್ನಲು ಒಬ್ಬನ ಬಾಯಿ ಸಾಲದು. ಅವನು ತಲೆತಗ್ಗಿಸಿ ನಡೆದ.

ಕಿಟಕಿಯಾಚೆ ಕುಳಿತ ಗುಮಾಸ್ತೆ ಮೂವತ್ತೈದರ ಆಸುಪಾಸಿನವಳು, ಮುಂದೆ ಫಾರಂಗಳ ರಾಶಿ. ಅವನು ಕಾಗದದ ಜೊತೆ ತನ್ನ ಪತ್ರಿಕೆಯ ಗುರುತಿನ ಚೀಟಿ ಚಾಚಿದ. ಅದನ್ನು ನೋಡಿದ್ದೇ ಅವಳು ಎದ್ದು ನಿಂತಳು. “ಅಯ್ಯೋ, ‘ಈ ದಿನ’ದವರಾ? ಸರ್, ನಿಮ್ಮ ಪುಸ್ತಕ ಓದೇ ನಾನು ಈ ಕೆಲಸಕ್ಕೆ ಬಂದಿದ್ದು. ಪೂರ್ತಿ ಬಾಯಿಪಾಠ.” ಮೇಜಿನ ಖಾನೆಯಿಂದ ಅಂಚು ಸವೆದ ಪುಸ್ತಕ ತೆಗೆದು, “ಒಂದು ಸಹಿ ಹಾಕಿಕೊಡಿ ಸರ್,” ಎಂದಳು. ಬೇಡವೆನ್ನಲು ಬಾಯಿ ಬರದೆ ಅವನು ಹಾಕಿದ. ಒಂದೇ ಮಧ್ಯಾಹ್ನ ಎರಡು ಸಹಿ, ಒಂದು ಇನ್ನೊಂದನ್ನು ಹೊಡೆದುಹಾಕುವಂಥದ್ದು. ಅವಳು ಕಾಗದ ಓದಿದಳು. ನಕ್ಕಳು. ಮತ್ತೆ ಓದಿದಳು, ನಗು ಎಲ್ಲಿಡಬೇಕೆಂದು ತಿಳಿಯದೆ ಮುಖದಲ್ಲೇ ಉಳಿಯಿತು. “ತಮಾಷೆ ಅಲ್ಲ ತಾನೆ ಸರ್?” “ಅಲ್ಲಮ್ಮ.” ಅವಳು ಕುಳಿತಳು. ಮಾತು ಕಚೇರಿಯದಾಯಿತು. “ಆಕ್ಷೇಪಣೆ ಅಭ್ಯರ್ಥಿನೇ ಹಾಕ್ಬೇಕು ಸರ್. ಜೊತೆಗೆ ಅಚ್ಚಾದ ಆಧಾರ ಬೇಕು. ಕೈಬರಹದ ಕಾಗದ ನಡೆಯಲ್ಲ.” “ಅದನ್ನ ಬರೆದೋನೇ ನಾನು. ನಾನೇ ಬಂದು ತಪ್ಪು ಅಂತಿದೀನಿ.” “ನಿಮ್ಮ ಪುಸ್ತಕ ಆಧಾರ ಸರ್,” ಎಂದಳು ಅವಳು, ಹೇಗೆ ಹೇಳಿದರೆ ನೋವಾಗದೆಂದು ಹುಡುಕುತ್ತಾ. “ನೀವಲ್ಲ.”

ಅವನು ಕಿಟಕಿಯ ಕಟ್ಟೆ ಹಿಡಿದು ನಿಂತ. ಹಿಂದೆ ಯಾರೋ ಕೆಮ್ಮಿದರು. “ಹಾಗಾದರೆ ಯಾವ ಆಧಾರ ನಡೀತದೆ?” “ಪುಸ್ತಕ, ಸರ್ಕಾರಿ ದಾಖಲೆ, ಪೇಪರಿನಲ್ಲಿ ಬಂದಿದ್ರೂ ಆಗುತ್ತೆ. ನಿಮ್ಮ ಅಂಕಣದಲ್ಲೇ ಒಂದು ತಿದ್ದುಪಡಿ ಹಾಕಿ ಆ ತುಣುಕು ತಂದಿದ್ರೆ ಸಾಕಿತ್ತಲ್ಲ ಸರ್, ಎರಡು ಸಾಲು.” ಅವಳು ಏನೋ ನೆನಪಾದಂತೆ ನಿಲ್ಲಿಸಿದಳು. “ಮೊದಲನೇ ದಿನವೇ ಒಬ್ಬಳು ಬಂದಿದ್ದಳು ಸರ್, ಇದೇ ಪ್ರಶ್ನೆಗೆ. ಫಾರಂ ಪೂರ್ತಿ ತುಂಬಿದ್ದಳು. ಬರೆದವರೇ ತಪ್ಪು ಅಂತ ಒಪ್ಕೊಂಡ್ರೆ ಆಧಾರ ಆಗುತ್ತಾ ಅಂತ ಕೇಳಿದ್ದಳು. ಪೇಪರಿನಲ್ಲಿ ಬಂದ್ರೆ ಆಗುತ್ತೆ, ಇನ್ನೂ ಮೂರು ವಾರ ಟೈಮಿದೆ, ಬಂದ ದಿನ ತಗೊಂಡು ಬನ್ನಿ ಅಂದೆ. ಫಾರಂ ಇಲ್ಲೇ ಬಿಟ್ಟು ಹೋದಳು. ಇಲ್ಲೇ ಇದೆ ನೋಡಿ.” ರಾಶಿಯ ಅಡಿಯಿಂದ ಒಂದು ಹಾಳೆ ಎಳೆದಳು. ಅವನು ಆ ಅಕ್ಷರವನ್ನು ಮೂರನೆಯ ತರಗತಿಯಿಂದ ಬಲ್ಲ, ಬಲಕ್ಕೆ ಬಾಗುವ ದುಂಡು ಅಕ್ಷರ. ಎಲ್ಲ ಖಾನೆಗಳೂ ತುಂಬಿದ್ದವು. ಆಧಾರ ಎಂಬಲ್ಲಿ, ‘ಬರಬೇಕಾಗಿದೆ’ ಎಂದಿತ್ತು.

ಹೊರಗೆ ಬಂದವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಹಾದುಹೋಗುವವರು ನೋಡುತ್ತಿದ್ದರು, ನೋಡಲಿ. ಆರನೆಯ ಪುಟ, ಬಲಗಡೆಯ ಕೆಳಮೂಲೆ, ಒಂದು ಗಳಿಗೆ. ಅವಳಿಗೆ ಸಿಟ್ಟಿರಲಿಲ್ಲ. ಅವಳು ಹುಡುಕುತ್ತಿದ್ದಳು. ಇಪ್ಪತ್ತೊಂದು ಬೆಳಗು, ಬಾಯಿಬಿಟ್ಟು ಕೇಳದೆ, ಅಪ್ಪ ತಾನಾಗಿ ಬರೆದಾನೆಂದು ಅವನ ಕಣ್ಣೆದುರೇ ಹುಡುಕಿ, ಇಲ್ಲವೆಂದು ಮಡಿಸಿಟ್ಟಿದ್ದಳು. ಆ ಎರಡು ಸಾಲಿನ ಜಾಗ ದಿನಾ ಅವನ ಕೈಯಲ್ಲೇ ಇತ್ತು; ಅದರಲ್ಲಿ ಅವನು ರಾಜರ ಸಾವು ತುಂಬಿದ್ದ, ಸೇತುವೆಗಳನ್ನು ತುಂಬಿದ್ದ. ಗೋಪುರದ ಗಂಟೆ ಐದು ಬಾರಿಸಿತು. ಒಳಗೆ ಕಿಟಕಿಯ ಬಾಗಿಲು ಎಳೆದ ಸದ್ದು ಕೇಳಿತು.

ಪತ್ರಿಕೆಯ ಕಚೇರಿಗೆ ಮರಳಿ ನಾಳೆಯ ಕಂತೆ ಬಿಚ್ಚಿದ. ಐದು ಚೀಟಿ ಸಿದ್ಧವಾಗಿದ್ದವು. ನಾಲ್ಕನೆಯದನ್ನು ತೆಗೆದಿಟ್ಟು ಬಿಳಿ ಚೀಟಿಯ ಮೇಲೆ ಹೊಸದು ಬರೆದ. ಪುಟ ಜೋಡಿಸುವ ಹುಡುಗಿ ಓದಿ ಅವನ ಮುಖ ನೋಡಿದಳು. “ಸರ್, ಇದು... ಉತ್ತರಾನೂ ಕೆಳಗೇ ಬರೆದಿದೀರಿ. ನಾಳಿದ್ದು ಅಲ್ವಾ ಉತ್ತರ?” “ಇದಕ್ಕೆ ಕೆಳಗೇ ಇರಲಿ. ನೆಟ್ಟಗೆ ಹಾಕು, ತಲೆಕೆಳಗೆ ಬೇಡ.” “ದೊಡ್ಡವರನ್ನ ಕೇಳ್ಬೇಕಾ?” “ಇಪ್ಪತ್ತಮೂರು ವರ್ಷದಲ್ಲಿ ಈ ಮೂಲೆಗೆ ಯಾರನ್ನ ಕೇಳಿದೀವಿ?” ಅವಳು ಚೀಟಿಯನ್ನು ತನ್ನ ಕಡೆ ಎಳೆದುಕೊಂಡಳು. “ಮತ್ತೆ ಆ ಹೊದಿಕೆ ಸರ್?” “ಅದಕ್ಕೆ ಬೇರೆ ಚಿತ್ರ ನೋಡಮ್ಮ. ಪುಸ್ತಕ ಬರೋದಾದ್ರೆ.” ಪುಟ ಹೋದದ್ದನ್ನು ನಿಂತು ನೋಡಿದ ಮೇಲೆಯೇ ಅವನು ಮನೆಗೆ ಫೋನು ಮಾಡಿದ. ತೂಕಕ್ಕೆ ಹಾಕುವ ಮೊದಲೇ ಅಚ್ಚಿಗೆ ಕಳಿಸಿದ್ದು ಇದೇ ಮೊದಲಲ್ಲ, ಮೂರು ವಾರದಿಂದ ಹಾಗೇ ನಡೆದಿತ್ತು; ಆದರೆ ಇವತ್ತು ಬೇಕೆಂದೇ ಹಾಗೆ ಮಾಡಿದ್ದ, ಯಾರಾದರೂ ಬೇಡವೆಂದರೆ ತಾನು ಒಪ್ಪಿಬಿಡುವವನೆಂದು ಅವನಿಗೆ ಗೊತ್ತಿತ್ತು.

ಮಗಳೇ ಎತ್ತಿದಳು. ಹಿಂದೆ ನಲ್ಲಿಯಲ್ಲಿ ನೀರು ಬೀಳುವ ಸದ್ದು, ಪಾತ್ರೆ. “ತಕ್ಕಡೀ,” ಎಂದ. ಆ ಕಡೆ ನಲ್ಲಿ ನಿಂತಿತು. “ಹೂಂ, ಓದು,” ಎಂದಳು.

“ಒಂದನೇದು. ಹಿಮಗಡ್ಡೆಗೆ ಗುದ್ದಿದ ಮೇಲೆ ಆ ಹಡಗು ಎಷ್ಟು ಹೊತ್ತಿಗೆ ಮುಳುಗಿತು?”

“ಎರಡೂವರೆ ಗಂಟೆ ಮೇಲೆ ಸ್ವಲ್ಪ.”

“ಎರಡು. ಹಿಂದಿನ ರಾತ್ರಿ ನಾಟಕದ ಮನೆಯಲ್ಲಿ ಗುಂಡೇಟು ತಿಂದು ಇವತ್ತು ಬೆಳಗ್ಗೆ ತೀರಿಕೊಂಡ ಅಧ್ಯಕ್ಷ ಯಾರು?”

“ಲಿಂಕನ್. ಸುಲಭ ಆಯ್ತು.”

“ಮೂರು. ನಸುನಗುವ ಹೆಂಗಸಿನ ಚಿತ್ರ ಬರೆದವನು, ಇವತ್ತು ಹುಟ್ಟಿದವನು?”

“ಡಾವಿಂಚಿ. ಮೂರೂ ಆಯ್ತಲ್ಲಪ್ಪ, ಅಚ್ಚಿಗೆ ಕಳಿಸು.”

“ಕಳಿಸಿ ಆಗಿದೆ,” ಎಂದ ಅವನು. ಕಾಗದ ಹಿಡಿದ ಕೈಯನ್ನು ಮೇಜಿಗೆ ಊರಿಕೊಂಡ. “ನಾಲ್ಕು. ನಮ್ಮ ಊರಿನ ಗಡಿಯಾರ ಗೋಪುರದ ಗಂಟೆ ಮೊದಲ ಸಲ ಬಾರಿಸಿದ್ದು ಸಾವಿರದೆಂಟುನೂರ ಎಪ್ಪತ್ತನಾಲ್ಕರಲ್ಲಿ ಎಂಬ ಸುಳ್ಳನ್ನು ಹುಟ್ಟಿಸಿದವರು ಯಾರು? ಉತ್ತರ: ಈ ಅಂಕಣ ಬರೆಯುವವನು. ಅದು ಯಾವ ವರ್ಷವೆಂದು ಖಚಿತ ದಾಖಲೆ ಇಲ್ಲ. ಹಾಗೆಂದು ಗುರುತು ಹಾಕಿದವರ ಉತ್ತರ ಸರಿ.”

ದೂರದಿಂದ ಹೆಂಡತಿ, “ಯಾರೇ ಅದು?” ಎಂದಳು. “ಅಪ್ಪ,” ಎಂದಳು ಮಗಳು ಅತ್ತ ತಿರುಗಿ. ಮತ್ತೆ ಫೋನಿನ ಹತ್ತಿರ ಬಂದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಇಡೀ ದಿನ ನಿಂತೇ ಇದ್ದವರು ಕೊನೆಗೆ ಕುಳಿತಾಗಿನ ಸುಸ್ತಿತ್ತು.

“ತಾರೀಖು ತಪ್ತಲ್ಲಪ್ಪ,” ಎಂದಳು.

“ಹೂಂ,” ಎಂದ ಅವನು.

ಮುಂದಿನ ವರ್ಷ ಎಂಬ ಮಾತನ್ನು ಅವಳು ಹೇಳಲಿಲ್ಲ. ಅವನು ಅದಕ್ಕಾಗಿ ಕಾದ. ಇಪ್ಪತ್ತು ವರ್ಷದಿಂದ ಆ ಮಾತಿನ ಹಿಂದೆಯೇ ಅದು ಬರುತ್ತಿತ್ತು, ಬಂದು ಇಬ್ಬರನ್ನೂ ನಗಿಸುತ್ತಿತ್ತು. ಇವತ್ತು ಬರಲಿಲ್ಲ.

“ಐದನೇದು ಓದಪ್ಪ,” ಎಂದಳು.